ಬಿಲಕ್ಕೆ ನುಗ್ಗುವ ನಾಯಿಯನ್ನು ಮನೆಯೊಳಗೆ ಸಾಕುವುದು: ಟೆರಿಯರ್ ಮಾಲೀಕರಿಗೊಂದು ಮಾರ್ಗದರ್ಶಿ

ಫ್ರಿಜ್ಜಿನ ಹಿಂದೆ ಒಂದು ಪುಟ್ಟ ಇಲಿ ಸೇರಿಕೊಂಡಿತ್ತು, ಅಷ್ಟೇ. ರಾತ್ರಿ ಹನ್ನೊಂದರಿಂದ ಎರಡು ಗಂಟೆಯವರೆಗೆ ನಮ್ಮ ಟೆರಿಯರ್ ಗುಂಡ ಆ ಸಂದಿಯ ಮುಂದಿನಿಂದ ಕದಲಲಿಲ್ಲ. ಕರೆದರೆ ಒಂದು ಕಿವಿ ಹಿಂದಕ್ಕೆ ತಿರುಗುತ್ತಿತ್ತು, ಮುಖ ತಿರುಗುತ್ತಿರಲಿಲ್ಲ. ಬಿಸ್ಕತ್ತು ಮೂಗಿನ ಮುಂದೆಯೇ ಹಿಡಿದೆ, ಕ್ಯಾರೇ ಅನ್ನಲಿಲ್ಲ. ಕೊನೆಗೆ ಮನೆಮಂದಿಯೆಲ್ಲ ಎದ್ದು ಫ್ರಿಜ್ ಸರಿಸಿದೆವು. ಇಲಿ ಹೊರಬಿತ್ತು, ಎರಡು ಸೆಕೆಂಡಿನಲ್ಲಿ ಎಲ್ಲ ಮುಗಿಯಿತು. ಆರೂವರೆ ಕಿಲೋ ತೂಕದ ಆ ಪ್ರಾಣಿ ಬಂದು ನನ್ನ ಕಾಲಬುಡದಲ್ಲಿ ಬಿದ್ದುಕೊಂಡು ಗೊರಕೆ ಹೊಡೆಯಿತು. ನಮಗ್ಯಾರಿಗೂ ಮತ್ತೆ ನಿದ್ದೆ ಬರಲಿಲ್ಲ.

ಅಲ್ಲಿಯವರೆಗೆ ಅವನನ್ನು ಮೊಂಡ ಅಂತಲೇ ಬೈಯುತ್ತಿದ್ದೆ. ಅವನು ಡ್ಯೂಟಿಯಲ್ಲಿದ್ದ ಅನ್ನುವುದು ಆ ರಾತ್ರಿ ತಲೆಗೆ ಹೋಯಿತು. ಟೆರಿಯರ್ ಸಾಕುವ ಬಗ್ಗೆ ನಾನು ಕಲಿತಿದ್ದೆಲ್ಲ ಈ ಒಂದು ತಿಳಿವಳಿಕೆಯ ಸುತ್ತಲೇ ಇದೆ.

ಟೆರಿಯರ್ ಎಂಬ ಹೆಸರಿನ ಬೇರು ಲ್ಯಾಟಿನ್ನಿನ ‘ಟೆರ್ರಾ’, ಅಂದರೆ ಮಣ್ಣು. ನೆಲದೊಳಗೆ ಇಳಿಯುವ ನಾಯಿ ಇದು. ಬ್ರಿಟನ್ನಿನಲ್ಲಿ ನರಿ, ಬ್ಯಾಜರ್, ನೀರುನಾಯಿಗಳ ಬಿಲಗಳಿಗೆ ಇವನ್ನು ಬಿಡುತ್ತಿದ್ದರು. ಒಳಗೆ ಕತ್ತಲು, ಇಕ್ಕಟ್ಟು, ಮುಂದೆ ಹಲ್ಲು ಕಿರಿದು ನಿಂತ ಪ್ರಾಣಿ. ಮಾಲೀಕ ಮೇಲೆಲ್ಲೋ ನಿಂತಿರುತ್ತಾನೆ, ಅವನ ಮಾತು ಕೇಳಿಸುವುದಿಲ್ಲ. ಮುಂದೆ ಹೋಗಬೇಕೇ, ಹಿಂದೆ ಸರಿಯಬೇಕೇ, ಎಷ್ಟು ಹೊತ್ತು ಬೊಗಳುತ್ತ ತಡೆದು ನಿಲ್ಲಿಸಬೇಕು ಎಂಬುದನ್ನೆಲ್ಲ ನಾಯಿಯೇ ತೀರ್ಮಾನಿಸಬೇಕಿತ್ತು. ಕುರಿ ಕಾಯುವ ನಾಯಿ ಪ್ರತಿ ನಿಮಿಷವೂ ಯಜಮಾನನ ಮುಖ ನೋಡುತ್ತದೆ. ಟೆರಿಯರ್‌ಗೆ ಮುಖ ನೋಡುವ ಅವಕಾಶವೇ ಇರಲಿಲ್ಲ. ಕೇಳದೆ ನಿರ್ಧರಿಸುವ, ನೋವಾದರೂ ಬಿಡದ, ಸುಮ್ಮನಿರದೆ ಬೊಗಳುವ ನಾಯಿಗಳನ್ನೇ ಹುಡುಕಿ ಹುಡುಕಿ ಮರಿ ಮಾಡಿಸಿದರು. ಈಗ ಅದೇ ನಾಯಿ ನಿಮ್ಮ ಸೋಫಾದ ಮೇಲೆ ಕುಳಿತಿದೆ.

ಹೆಜ್ಜೆ 1: ತರುವ ಮುಂಚೆ ಮನೆಯವರನ್ನೆಲ್ಲ ಕೂರಿಸಿ ಮಾತಾಡಿ

ಗಾತ್ರ ನೋಡಿ ಮೋಸ ಹೋಗುವವರೇ ಹೆಚ್ಚು. ಚಿಕ್ಕ ನಾಯಿ, ಚಿಕ್ಕ ಮನೆ, ಕಡಿಮೆ ಕೆಲಸ ಎಂಬ ಲೆಕ್ಕ ಇಲ್ಲಿ ತಪ್ಪುತ್ತದೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುವುದನ್ನು ಇಲ್ಲಿ ಎಚ್ಚರಿಕೆಯಾಗಿ ಓದಿಕೊಳ್ಳಿ. ಜ್ಯಾಕ್ ರಸೆಲ್ ಎಂಬ ಟೆರಿಯರ್ ತಳಿಗೆ ದಿನಕ್ಕೆ ಒಂದರಿಂದ ಒಂದೂವರೆ ಗಂಟೆ ನಡಿಗೆ, ಅದರ ಮೇಲೆ ತಲೆಗೊಂದಿಷ್ಟು ಕೆಲಸ, ಮಳೆ ಬಂದರೂ, ನಿಮಗೆ ತಲೆನೋವಿದ್ದರೂ. ಅದೂ ಹತ್ತು ಹನ್ನೆರಡು ವರ್ಷ. 2022ರಲ್ಲಿ ಬ್ರಿಟನ್ನಿನಲ್ಲಿ ಸಾಕುನಾಯಿಗಳ ಆಯುಷ್ಯದ ಬಗ್ಗೆ ನಡೆದ ಅಧ್ಯಯನವೊಂದರಲ್ಲಿ ಹೋಲಿಸಿದ 18 ತಳಿಗಳ ಪೈಕಿ ಅತಿ ಹೆಚ್ಚಿನ ಸರಾಸರಿ ಜ್ಯಾಕ್ ರಸೆಲ್‌ನದು, 12.7 ವರ್ಷ. ಇಂದು ಮರಿ ಬೇಕೆಂದು ಅಳುತ್ತಿರುವ ಎಂಟು ವರ್ಷದ ಮಗು ಕಾಲೇಜು ಮುಗಿಸುವ ಹೊತ್ತಿಗೂ ವಾಕಿಂಗ್ ಕರೆದುಕೊಂಡು ಹೋಗುವವರು ನೀವೇ.

ಎಲ್ಲರೂ ಹೊರಗೆ ದುಡಿಯಲು ಹೋಗಿ ಮನೆ ದಿನವಿಡೀ ಖಾಲಿ ಇರುತ್ತದೆಯೇ? ಗೋಡೆಗೆ ಗೋಡೆ ಅಂಟಿದ ನೆರೆಯವರು ಸದ್ದು ಸಹಿಸುವುದಿಲ್ಲವೇ? ಮನೆಯಲ್ಲಿ ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್ ಇವೆಯೇ? ಈ ಮೂರರಲ್ಲಿ ಒಂದಕ್ಕೆ ಹೌದು ಎಂದರೂ ಬೇರೆ ತಳಿ ನೋಡಿ. ನಿಷ್ಠುರವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ವರ್ಷ ತುಂಬುವ ಹೊತ್ತಿಗೆ ‘ಒಳ್ಳೆಯ ಮನೆಗೆ ಉಚಿತವಾಗಿ ಕೊಡುತ್ತೇವೆ’ ಎಂಬ ಸಾಲಿನೊಂದಿಗೆ ಕಾಣಿಸುವ ಟೆರಿಯರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಹೆಜ್ಜೆ 2: ಯಾವ ಟೆರಿಯರ್, ಯಾರ ಮರಿ

ಟೆರಿಯರ್ ಅಂದರೆ ಒಂದೇ ನಾಯಿ ಅಲ್ಲ. ಏರ್‌ಡೇಲ್ ಬಿಲಕ್ಕೆ ಇಳಿಯಲಾರದಷ್ಟು ದೊಡ್ಡದು. ಯಾರ್ಕ್‌ಶೈರ್ ಟೆರಿಯರ್‌ನ ಪೂರ್ವಜರು ಬಟ್ಟೆ ಗಿರಣಿಗಳಲ್ಲಿ ಇಲಿ ಹಿಡಿಯುತ್ತಿದ್ದವರು, ಈಗ ತಲೆಗೆ ರಿಬ್ಬನ್ ಕಟ್ಟಿಸಿಕೊಂಡಿದ್ದಾರೆ. ಬಾರ್ಡರ್ ಟೆರಿಯರ್ ಬೇಟೆಗುಂಪಿನ ಜೊತೆ ಹೊಂದಿಕೊಂಡು ಓಡಬೇಕಿದ್ದ ನಾಯಿ. ಹಾಗಾಗಿ ಇತರ ನಾಯಿಗಳ ಜೊತೆ ಸ್ವಲ್ಪ ಸಲೀಸು, ಮೊದಲ ಸಲ ಟೆರಿಯರ್ ಸಾಕುವ ಕುಟುಂಬಕ್ಕೆ ನಾನು ಸೂಚಿಸುವುದೂ ಇದನ್ನೇ. ಕೇರ್ನ್, ನಾರ್ಫೋಕ್, ನಾರ್ವಿಚ್ ಕೂಡ ಪರವಾಗಿಲ್ಲ. ಪ್ಯಾಟರ್‌ಡೇಲ್ ಮತ್ತು ಜರ್ಮನಿಯ ಯಾಗ್ಡ್‌ಟೆರಿಯರ್ ಇವತ್ತಿಗೂ ಅಪ್ಪಟ ಬೇಟೆನಾಯಿಗಳು. ಬೇಟೆಯ ಮನೆತನದ ಯಾಗ್ಡ್‌ಟೆರಿಯರ್ ಅನ್ನು ಬರೀ ಮನೆನಾಯಿಯಾಗಿ ಸಾಕುವುದು ನಾಯಿಗೂ ಶಿಕ್ಷೆ, ಸಾಕುವವರಿಗೂ ಶಿಕ್ಷೆ.

ಜ್ಯಾಕ್ ರಸೆಲ್ ಕಥೆ ಸ್ವಲ್ಪ ಹೇಳಲೇಬೇಕು. 1819ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಜಾನ್ ರಸೆಲ್ ಎಂಬ ಯುವಕ ಹಾಲು ಮಾರುವವನೊಬ್ಬನ ಬಳಿ ಒಂದು ಬಿಳಿ ಹೆಣ್ಣು ಟೆರಿಯರ್ ಕಂಡು ಅಲ್ಲೇ ಕೊಂಡುಕೊಂಡ. ಅದರ ಹೆಸರು ಟ್ರಂಪ್. ಮುಂದೆ ಡೆವನ್‌ನಲ್ಲಿ ಪಾದ್ರಿಯಾದ ರಸೆಲ್ ಅದರಿಂದಲೇ ತನ್ನ ನಾಯಿಗಳ ಸಂತಾನ ಬೆಳೆಸಿದ. ಬಿಳಿ ಬಣ್ಣವೇ ಯಾಕೆ ಅಂದರೆ, ಬಿಲದಿಂದ ಮಣ್ಣು ಮೆತ್ತಿಕೊಂಡು ಹೊರಬರುವ ನಾಯಿಯನ್ನು ನರಿ ಎಂದು ಯಾರೂ ತಪ್ಪು ತಿಳಿಯಬಾರದು ಎಂದು. ಎದೆಯೂ ನರಿಯ ಬಿಲಕ್ಕೆ ತಕ್ಕಂತೆ ಸಣ್ಣದಿರಬೇಕು. ಇವತ್ತಿಗೂ ಅವನದೇ ಹೆಸರಿನ ಪಾರ್ಸನ್ (ಪಾದ್ರಿ) ರಸೆಲ್ ತಳಿಯನ್ನು ಪ್ರದರ್ಶನಗಳಲ್ಲಿ ನೋಡುವ ತೀರ್ಪುಗಾರರು ಭುಜದ ಹಿಂದೆ ಎರಡೂ ಅಂಗೈಗಳಿಂದ ಎದೆಯನ್ನು ಬಳಸಿ ಹಿಡಿದು ಅಳೆಯುತ್ತಾರೆ. ಆ ಕೈ ಅಳತೆಯಲ್ಲೇ ಈ ನಾಯಿ ಯಾವ ಸಂದಿಗಾದರೂ ತೂರಬಲ್ಲದು ಎಂಬ ಸುದ್ದಿಯೂ ಇದೆ, ಬೇಲಿ ಹಾಕುವಾಗ ನೆನಪಿಟ್ಟುಕೊಳ್ಳಿ.

ಮರಿ ನೋಡಲು ಹೋದಾಗ ತಾಯಿಯನ್ನು ನೋಡದೆ ಬರಬೇಡಿ. ಅಪರಿಚಿತರನ್ನು ಕಂಡು ಬೊಗಳಿ, ಆಮೇಲೆ ಬಂದು ಮೂಸಿ ಸುಮ್ಮನಾಗುವ ತಾಯಿ ಒಳ್ಳೆಯದು. ಮೂಲೆ ಸೇರಿ ನಡುಗುವ ಅಥವಾ ಕೊನೆಯವರೆಗೂ ಗುರುಗುಟ್ಟುವ ತಾಯಿಯ ಮರಿ ಬೇಡ. ಬ್ರೀಡರ್ ಬಳಿ ನೇರವಾಗಿ ಕೇಳಿ: ತಂದೆ ತಾಯಿ ಏನು ಕೆಲಸ ಮಾಡುತ್ತಿದ್ದರು? ಬೇಟೆಗೆ ಹೋಗುತ್ತಿದ್ದರೆ ನಿಮ್ಮ ಮರಿಗೂ ಆ ಎಂಜಿನ್ನೇ ಇರುತ್ತದೆ.

ಆರೋಗ್ಯದ ಪರೀಕ್ಷೆಗಳಲ್ಲಿ ತಳಿಗೊಂದು ರಗಳೆ. ಜ್ಯಾಕ್ ರಸೆಲ್ ಸೇರಿ ಹಲವು ಟೆರಿಯರ್‌ಗಳಲ್ಲಿ ಕಣ್ಣಿನ ಮಸೂರ ಜಾರುವ ಆನುವಂಶಿಕ ಕಾಯಿಲೆ ಇದೆ, ತಂದೆ ತಾಯಿಯ ಡಿಎನ್‌ಎ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಬಿಳಿ ಬಣ್ಣ ಹೆಚ್ಚಿರುವ ಮರಿಗಳಲ್ಲಿ ಹುಟ್ಟು ಕಿವುಡು ಕಾಣಿಸಬಹುದು. ಒಂದು ಕಿವಿ ಮಾತ್ರ ಕೇಳಿಸದಿದ್ದರೆ ಮನೆಯಲ್ಲಿ ಚಪ್ಪಾಳೆ ಹೊಡೆದು ನೋಡಿ ಪತ್ತೆ ಹಚ್ಚುವುದು ಕಷ್ಟ, ವೈದ್ಯರ ಬಳಿ ಶ್ರವಣ ಪರೀಕ್ಷೆಯೇ ಆಗಬೇಕು. ವೆಸ್ಟಿಗಳಿಗೆ (ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರ್) ಚರ್ಮದ ಅಲರ್ಜಿ, ಸ್ಕಾಟಿಷ್ ಟೆರಿಯರ್‌ಗಳಿಗೆ ಮೂತ್ರಕೋಶದ ಕ್ಯಾನ್ಸರ್ ಬೇರೆ ತಳಿಗಳಿಗಿಂತ ಹೆಚ್ಚು. ಬಾರ್ಡರ್ ಟೆರಿಯರ್‌ಗಳಲ್ಲಿ ಒಂದು ವಿಚಿತ್ರ ಸೆಳೆತದ ಕಾಯಿಲೆ ಇದೆ. ನೋಡಿದವರು ಮೂರ್ಛೆರೋಗ ಅಂದುಕೊಳ್ಳುತ್ತಾರೆ, ಆದರೆ ಎಷ್ಟೋ ನಾಯಿಗಳು ಗೋಧಿಯಲ್ಲಿರುವ ಗ್ಲುಟೆನ್ ಅನ್ನು ಊಟದಿಂದ ತೆಗೆದರೆ ಸುಧಾರಿಸುತ್ತವೆ.

ಹೆಜ್ಜೆ 3: ಮರಿ ಬರುವ ಮುಂಚೆ ನೆಲಕ್ಕೆ ಕಣ್ಣು ತಾಗಿಸಿ ನೋಡಿ

ಬೇಲಿಯ ಕೆಳಗಿನಿಂದ ಶುರು ಮಾಡಿ, ಟೆರಿಯರ್ ಮೊದಲು ಪ್ರಯತ್ನಿಸುವುದು ಅಲ್ಲಿಯೇ. ತಂತಿ ಜಾಲರಿಯನ್ನು ಒಂದು ಅಡಿ ಆಳಕ್ಕೆ ಹೂತು, ಕೆಳತುದಿಯನ್ನು ಒಳಮುಖವಾಗಿ ಬಾಗಿಸಿ. ಬೇಲಿಯ ಬುಡದಲ್ಲಿ ಅಗೆದ ನಾಯಿಗೆ ಕೆಳಗೆ ಮತ್ತೆ ಜಾಲರಿ ಸಿಗುತ್ತದೆ, ಎರಡಡಿ ಹಿಂದೆ ಹೋಗಿ ಅಗೆಯಬೇಕೆಂಬ ಉಪಾಯ ಅದಕ್ಕೆ ಹೊಳೆಯುವುದಿಲ್ಲ. ಎತ್ತರ ಐದು ಅಡಿಗಿಂತ ಕಡಿಮೆ ಬೇಡ. ಬೇಲಿಯ ಪಕ್ಕದಲ್ಲಿ ಕಟ್ಟಿಗೆ ರಾಶಿ, ತೊಟ್ಟಿ, ಕುರ್ಚಿ ಇಟ್ಟರೆ ಏಣಿ ಇಟ್ಟಂತೆ. ಗೇಟಿನ ಕೆಳಗಿನ ಸಂದಿಗೆ ನಿಮ್ಮ ಮುಷ್ಟಿ ಹೋಗುವಂತಿದ್ದರೆ ಮರಿಯ ತಲೆಯೂ ಹೋಗುತ್ತದೆ.

ಒಳಗೆ ವಿದ್ಯುತ್ ವೈರು, ಚಪ್ಪಲಿ, ಮಾತ್ರೆ ಡಬ್ಬಿ, ಇವೆಲ್ಲ ಎಲ್ಲ ಮರಿಗಳ ಮನೆಯಲ್ಲೂ ಇದ್ದದ್ದೇ. ಟೆರಿಯರ್ ಮನೆಗೆ ವಿಶೇಷವಾಗಿ ಅನ್ವಯಿಸುವ ಒಂದು ವಿಷಯವಿದೆ: ಇಲಿಪಾಷಾಣ. ಅದನ್ನು ಬಳಸಲೇಬೇಡಿ. ನಾಯಿ ಪಾಷಾಣವನ್ನೇ ತಿನ್ನಬಹುದು, ಪಾಷಾಣ ತಿಂದು ತೂರಾಡುವ ಇಲಿಯನ್ನು ಹಿಡಿದು ನುಂಗಲೂಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣವಾದರೆ ಮೂರರಿಂದ ಐದು ದಿನ ನಾಯಿ ಆರಾಮಾಗಿಯೇ ಕಾಣುತ್ತದೆ, ಆಮೇಲೆ ಒಳಗೊಳಗೇ ರಕ್ತಸ್ರಾವ. ತಿಂದ ಅನುಮಾನ ಬಂದ ಕ್ಷಣವೇ ಪೊಟ್ಟಣದ ಸಮೇತ ಪಶುವೈದ್ಯರ ಬಳಿ ಓಡಿ. ಬೇಗ ಹೋದರೆ ವಾಂತಿ ಮಾಡಿಸಿ, ವಿಟಮಿನ್ ಕೆ1 ಕೊಟ್ಟು ಉಳಿಸಿಕೊಳ್ಳಬಹುದು, ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. ನೆರೆಯವರು ಪಾಷಾಣ ಇಡುತ್ತಾರೋ ಎಂಬುದನ್ನೂ ವಿಚಾರಿಸಿಕೊಳ್ಳಿ.

ಹೆಜ್ಜೆ 4: ಮನೆಗೆ ಬಂದ ಮೇಲಿನ ಮೊದಲ ಎಂಟು ವಾರ

ಮರಿ ಎಂಟು ವಾರ ತುಂಬಿದ ಮೇಲೆ ಮನೆಗೆ ಬರಲಿ. ಸುಮಾರು ಮೂರರಿಂದ ಹದಿನಾಲ್ಕನೇ ವಾರದವರೆಗೆ ಅದರ ತಲೆಯ ಬಾಗಿಲು ತೆರೆದಿರುತ್ತದೆ: ಆಗ ಕಂಡಿದ್ದು, ಕೇಳಿದ್ದು, ಮೂಸಿದ್ದೆಲ್ಲ ಲೋಕದ ಸಹಜ ಸಂಗತಿ ಎಂದು ಒಪ್ಪಿಕೊಳ್ಳುತ್ತದೆ. ನಿಮ್ಮ ಕೈಗೆ ಸಿಗುವುದು ಅದರಲ್ಲಿ ಕೊನೆಯ ಐದಾರು ವಾರ ಮಾತ್ರ. ಲಸಿಕೆಗಳು ಇನ್ನೂ ಮುಗಿದಿರುವುದಿಲ್ಲ, ಹಾಗಾಗಿ ನೆಲಕ್ಕೆ ಬಿಡದೆ ಎತ್ತಿಕೊಂಡೇ ತೋರಿಸಿ. ಟೋಪಿ ಹಾಕಿದವರು, ಊರುಗೋಲು ಹಿಡಿದವರು, ಸೈಕಲ್, ಮಿಕ್ಸಿಯ ಸದ್ದು, ಅಳುವ ಕೂಸು, ಲಸಿಕೆ ಆಗಿರುವ ಶಾಂತ ಸ್ವಭಾವದ ನಾಯಿ. ನೋಡಿ ಹೆದರಿದರೆ ದೂರ ಸರಿಯಿರಿ, ಬಲವಂತ ಬೇಡ.

ಮರಿಗೆ ದಿನಕ್ಕೆ ಹದಿನೆಂಟು ಗಂಟೆ ನಿದ್ದೆ ಬೇಕು. ಟೆರಿಯರ್ ಮರಿ ತಾನಾಗಿ ಮಲಗುವುದಿಲ್ಲ, ಇದೊಂದು ಯಾರೂ ನನಗೆ ಹೇಳಿರಲಿಲ್ಲ. ಸಂಜೆಯಾಗುತ್ತಿದ್ದಂತೆ ಕಣ್ಣು ಕೆಂಪಗೆ ಮಾಡಿಕೊಂಡು ಪ್ಯಾಂಟಿನ ತುದಿಗೆ ನೇತಾಡುವ ಮರಿಗೆ ಶಕ್ತಿ ಹೆಚ್ಚಾಗಿದೆ ಎಂದು ಮತ್ತಷ್ಟು ಆಡಿಸಿದೆ, ಅದು ಇನ್ನಷ್ಟು ಕಚ್ಚಿತು. ನಿದ್ದೆಗೆಟ್ಟ ಕೂಸಿನ ರಂಪ ಅದು. ಒಂದು ಗಂಟೆ ಎಚ್ಚರವಿದ್ದರೆ ಮುಂದಿನ ಎರಡು ಗಂಟೆ ಕ್ರೇಟಿನಲ್ಲಿ, ಅಂದರೆ ನಾಯಿ ಮಲಗುವ ಗೂಡಿನಲ್ಲಿ, ಮೇಲೆ ತೆಳ್ಳನೆಯ ಬಟ್ಟೆ ಮುಚ್ಚಿ ಮಲಗಿಸಿ. ಬಿಲದ ನಾಯಿಗೆ ಗುಹೆಯಂಥ ಜಾಗ ಇಷ್ಟವೇ. ಅದರೊಳಗೆ ತಿಂಡಿ ಹಾಕಿ, ಊಟ ಅಲ್ಲೇ ಕೊಡಿ, ಶಿಕ್ಷೆಗೆಂದು ಮಾತ್ರ ಅಲ್ಲಿಗೆ ತಳ್ಳಬೇಡಿ.

ಕೈ ಕಚ್ಚಿದರೆ ಬಾಯಿಗೆ ಹೊಡೆಯುವುದು, ಮೈಯನ್ನು ನೆಲಕ್ಕೆ ಒತ್ತಿ ಹಿಡಿಯುವುದು ಹಳೆಯ ಸಲಹೆಗಳು. ಟೆರಿಯರ್ ವಿಷಯದಲ್ಲಿ ಇವು ತಿರುಗುಬಾಣ. ತನಗಿಂತ ದೊಡ್ಡ ಪ್ರಾಣಿ ಮೈಮೇಲೆ ಬಂದಾಗ ಹಿಂಜರಿಯದೆ ಎದುರಿಸು ಎಂದೇ ಇದರ ಅಜ್ಜ ಮುತ್ತಜ್ಜಂದಿರನ್ನು ಆರಿಸಿದ್ದು. ಆಟ ನಿಲ್ಲಿಸಿ, ಎದ್ದು ಹೋಗಿ, ಅರ್ಧ ನಿಮಿಷ ಬಿಟ್ಟು ಬಾಯಿಗೊಂದು ಹಗ್ಗದ ಆಟಿಕೆ ಕೊಡಿ. ಇದನ್ನು ಐವತ್ತು ಸಲ ಮಾಡಬೇಕಾಗುತ್ತದೆ.

ಹೆಜ್ಜೆ 5: ಮೂರೇ ಮಾತು, ಚೆನ್ನಾಗಿ

ಶೇಕ್‌ಹ್ಯಾಂಡ್, ಉರುಳುವುದು ಎಲ್ಲ ಆಮೇಲೆ. ‘ಬಾ’, ‘ಬಿಡು’, ‘ಕಾಯಿ’ ಈ ಮೂರು ಬಂದರೆ ನಾಯಿಯ ಜೀವ ಉಳಿಯುತ್ತದೆ. ಒಂದು ಸಲಕ್ಕೆ ಮೂರು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಟೆರಿಯರ್ ಬೇಗ ಕಲಿಯುತ್ತದೆ, ಅದಕ್ಕಿಂತ ಬೇಗ ಬೇಸರಪಟ್ಟುಕೊಳ್ಳುತ್ತದೆ. ಹತ್ತನೇ ಸಲ ಕೂರು ಎಂದಾಗ ಅದು ನಿಮ್ಮನ್ನು ನೋಡುವ ನೋಟದಲ್ಲಿ ‘ಆಗಲೇ ಕೂತೆನಲ್ಲ’ ಎಂಬ ಪ್ರಶ್ನೆ ಇರುತ್ತದೆ, ಅದು ನ್ಯಾಯವೂ ಹೌದು.

‘ಬಾ’ ಕಲಿಸುವಾಗ ಮೂವತ್ತು ಅಡಿಯ ಉದ್ದ ಹಗ್ಗವನ್ನು ಹಾರ್ನೆಸ್‌ಗೆ (ಎದೆಪಟ್ಟಿಗೆ) ಕಟ್ಟಿ, ಕತ್ತಿನ ಪಟ್ಟಿಗೆ ಬೇಡ. ಕರೆದಾಗ ಬಂದರೆ ದಿನನಿತ್ಯದ ಬಿಸ್ಕತ್ತು ಸಾಲದು, ಬೇಯಿಸಿದ ಕೋಳಿಯ ತುಂಡಾದರೂ ಬೇಕು. ಇನ್ನೂ ಒಳ್ಳೆಯದು, ಬಂದ ಕೂಡಲೇ ಹಗ್ಗದ ಆಟಿಕೆಯನ್ನು ನೆಲದ ಮೇಲೆ ಇಲಿಯಂತೆ ಓಡಿಸಿ. ಬೈಯುವುದಕ್ಕೆ, ಸ್ನಾನಕ್ಕೆ, ಆಟ ಮುಗಿಸಿ ಮನೆಗೆ ಎಳೆದುಕೊಂಡು ಹೋಗುವುದಕ್ಕೆ ‘ಬಾ’ ಎಂದು ಕರೆಯಲೇಬೇಡಿ, ಆಗ ನೀವೇ ಹೋಗಿ ಹಿಡಿದು ತನ್ನಿ. ಇಷ್ಟೆಲ್ಲ ಮಾಡಿದ ಮೇಲೂ, ಮೂಗು ಒಮ್ಮೆ ಬಿಲಕ್ಕೆ ಇಳಿದರೆ ಕಿವಿ ಮುಚ್ಚಿಕೊಳ್ಳುತ್ತದೆ. ಬೇಲಿ ಇಲ್ಲದ ಕಡೆ ಗುಂಡನ ಹಗ್ಗವನ್ನು ನಾನು ಇವತ್ತಿಗೂ ಬಿಚ್ಚುವುದಿಲ್ಲ. ಬಿಚ್ಚುವವರ ಬಗ್ಗೆ ಹೊಟ್ಟೆಕಿಚ್ಚಿದೆ, ಧೈರ್ಯ ಇಲ್ಲ.

‘ಬಿಡು’ ಕಲಿಸುವುದು ಅದಲುಬದಲಿನಿಂದ. ಬಾಯಲ್ಲಿರುವುದಕ್ಕಿಂತ ಒಳ್ಳೆಯದನ್ನು ತೋರಿಸಿ, ಬಿಟ್ಟಾಗ ಕೊಡಿ, ಸಾಧ್ಯವಾದರೆ ಮೊದಲಿನದನ್ನೂ ವಾಪಸ್ ಕೊಡಿ. ಕಿತ್ತುಕೊಳ್ಳುತ್ತ ಹೋದರೆ ಹಿಡಿತ ಬಿಗಿ ಮಾಡುವುದನ್ನು, ಆಮೇಲೆ ಗುರುಗುಟ್ಟಿ ಕಾಯುವುದನ್ನು ನೀವೇ ಕಲಿಸಿದಂತೆ.

ಹೆಜ್ಜೆ 6: ಕೆಲಸ ಕೊಡಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ನಾಯಿಯ ಬೇಟೆಯಲ್ಲಿ ಒಂದು ಸರಣಿಯಿದೆ: ಹುಡುಕು, ದಿಟ್ಟಿಸು, ಹೊಂಚು, ಅಟ್ಟು, ಹಿಡಿ, ಕೊಲ್ಲು, ಸಿಗಿ. ಕುರಿನಾಯಿಯಲ್ಲಿ ದಿಟ್ಟಿಸಿ ಹೊಂಚುವ ಭಾಗವನ್ನು ಹಿಗ್ಗಿಸಿ, ಕಚ್ಚುವ ಭಾಗವನ್ನು ಕುಗ್ಗಿಸಿದರು. ಟೆರಿಯರ್‌ನಲ್ಲಿ ಹೊಂಚುವ ತಾಳ್ಮೆ ಅಷ್ಟಿಲ್ಲ, ಅಟ್ಟಿ ಹಿಡಿದು ಕುತ್ತಿಗೆ ಮುರಿಯುವಂತೆ ಝಾಡಿಸುವ ಭಾಗ ಜೋರು. 1823ರಲ್ಲಿ ಲಂಡನ್ನಿನ ಇಲಿ ಅಖಾಡವೊಂದರಲ್ಲಿ ಬಿಲ್ಲಿ ಎಂಬ ನಾಯಿ ಐದೂವರೆ ನಿಮಿಷದಲ್ಲಿ 100 ಇಲಿಗಳನ್ನು ಕೊಂದಿತ್ತು, ಅದರ ಮೈಯಲ್ಲೂ ಬುಲ್‌ಡಾಗ್ ಜೊತೆ ಟೆರಿಯರ್ ರಕ್ತವಿತ್ತು. ನಿಮ್ಮ ಮರಿ ಕಾಲುಚೀಲವನ್ನು ಕಚ್ಚಿ ತಲೆ ಅಲ್ಲಾಡಿಸುವಾಗ ಮನೆಯವರೆಲ್ಲ ಮುದ್ದು ಎಂದು ನಗುತ್ತೀರಲ್ಲ, ಅದು ಅದೇ ಚಲನೆ.

ಈ ಸರಣಿಯನ್ನು ಅಳಿಸಲು ಆಗುವುದಿಲ್ಲ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಕಥೆ ಗೊತ್ತಲ್ಲ. ಅದಕ್ಕೆ ನೀವು ಒಪ್ಪುವ ಗುರಿ ಕೊಡಬಹುದು, ಅಷ್ಟೇ. ಹೇಗೆ?

ಮೊದಲನೆಯದು ಹುಡುಕುವ ಕೆಲಸ. ಬೆಳಗಿನ ಊಟವನ್ನು ಬಟ್ಟಲಿನಲ್ಲಿ ಹಾಕುವುದು ಬಿಟ್ಟು ಅಂಗಳದ ಹುಲ್ಲಿನಲ್ಲೋ ಸುತ್ತಿಟ್ಟ ಟವೆಲಿನ ಮಡಿಕೆಗಳಲ್ಲೋ ಚೆಲ್ಲಿ. ಎರಡು ವಾರದ ನಂತರ ಒಂದೇ ವಾಸನೆಯ ಬಟ್ಟೆ ತುಂಡನ್ನು ಮನೆಯಲ್ಲಿ ಅಡಗಿಸಿ ಹುಡುಕಿಸಿ. ಹದಿನೈದು ನಿಮಿಷ ಮೂಗಿಗೆ ಕೆಲಸ ಕೊಟ್ಟರೆ ನಮ್ಮ ಗುಂಡ ಒಂದು ಗಂಟೆ ನಡೆದಷ್ಟೇ ದಣಿದು ಮಲಗುತ್ತಾನೆ. ಮಳೆಗಾಲವನ್ನು ನಾವು ದಾಟುವುದೇ ಹೀಗೆ.

ಎರಡನೆಯದು ಅಗೆಯುವ ಜಾಗ. ‘ಅಗೆಯಬೇಡ’ ಎಂದು ವರ್ಷವಿಡೀ ಕೂಗಿ ಸೋತ ಮೇಲೆ ಅಂಗಳದ ಒಂದು ಮೂಲೆಯಲ್ಲಿ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ ಗುರುತಿಸಿ, ಹಲಗೆಯ ಅಂಚು ಕಟ್ಟಿ, ಮಣ್ಣು ಮರಳು ಬೆರೆಸಿ ತುಂಬಿದೆ. ಮೊದಲ ದಿನ ಆಟಿಕೆಗಳನ್ನು ಅರ್ಧ ಹೊರಗೆ ಕಾಣುವಂತೆ ಹೂತೆ, ದಿನ ಕಳೆದಂತೆ ಆಳಕ್ಕೆ. ಗುಲಾಬಿ ಗಿಡದ ಬುಡ ಅಗೆಯುತ್ತಿದ್ದಾಗ ಬೈಯದೆ ಎತ್ತಿ ತಂದು ಇಲ್ಲಿ ಬಿಟ್ಟೆ. ಒಂದು ತಿಂಗಳು ಹಿಡಿಯಿತು. ಈಗಲೂ ವರ್ಷಕ್ಕೊಮ್ಮೆ ಗುಲಾಬಿ ನೆನಪಾಗುತ್ತದೆ, ಉಳಿದ ದಿನ ತನ್ನ ಗುಂಡಿಯಲ್ಲೇ. ಅಂಗಳ ಇಲ್ಲದವರು ದೊಡ್ಡ ರಟ್ಟಿನ ಪೆಟ್ಟಿಗೆಗೆ ಹಳೆಯ ಬಟ್ಟೆ, ಕಾಗದದ ಉಂಡೆ ತುಂಬಿ ಒಳಗೆ ತಿಂಡಿ ಹಾಕಿಡಿ. ಮನೆ ತುಂಬ ಚೂರು ಬೀಳುತ್ತದೆ, ಗುಡಿಸಿ. ಸೋಫಾ ಹೊಲಿಸುವುದಕ್ಕಿಂತ ಅಗ್ಗ.

ಮೂರನೆಯದು ಅಟ್ಟಿ ಹಿಡಿಯುವ ಆಟ. ಉದ್ದ ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಆಟಿಕೆ. ನೆಲಮಟ್ಟದಲ್ಲೇ ಓಡಿಸಿ, ಗಾಳಿಯಲ್ಲಿ ಹಾರಿಸಬೇಡಿ, ತಿರುಚಿ ಬಿದ್ದರೆ ಮಂಡಿಗೆ ಕೇಡು. ಓಡಿಸುವ ಮುಂಚೆ ‘ಕಾಯಿ’, ಹಿಡಿದ ಮೇಲೆ ಝಾಡಿಸಲು ಹತ್ತು ಸೆಕೆಂಡು, ಆಮೇಲೆ ‘ಬಿಡು’. ಐದನೇ ಹೆಜ್ಜೆಯ ಪಾಠಕ್ಕೆ ಇದೇ ಪರೀಕ್ಷಾ ಕೊಠಡಿ. ಕೊನೆಗೆ ಆಟಿಕೆಯನ್ನು ಗೆಲ್ಲಲು ಬಿಡಿ. ನಾಯಿಗೆ ಎಳೆದಾಟದಲ್ಲಿ ಗೆಲ್ಲಲು ಬಿಟ್ಟರೆ ತಲೆಯ ಮೇಲೆ ಕೂರುತ್ತದೆ ಎಂಬುದು ಬರೀ ಅಂತೆಕಂತೆ. ಲೇಸರ್ ಬೆಳಕಿನ ಚುಕ್ಕಿ ಓಡಿಸುವ ಆಟ ಮಾತ್ರ ಬೇಡವೇ ಬೇಡ: ಎಂದೂ ಬಾಯಿಗೆ ಸಿಗದ ಬೇಟೆ ಅದು, ಗೋಡೆಯ ಮೇಲಿನ ನೆರಳು ಬೆಳಕುಗಳನ್ನು ಹಗಲಿರುಳು ಅಟ್ಟುವ ಗೀಳು ಅಂಟಿದ ನಾಯಿಗಳಿವೆ.

ಆಸೆ ಇದ್ದವರಿಗೆ ಬಿಲಕ್ಕಿಳಿಯುವ ನಾಯಿಗಳಿಗೆಂದೇ ರೂಪಿಸಿದ ಕ್ರೀಡೆಯೂ ಇದೆ. ಅಮೆರಿಕದಲ್ಲಿ ನಾಯಿ ತಳಿಗಳ ಸಂಸ್ಥೆಯಾದ ಕೆನೆಲ್ ಕ್ಲಬ್ ನಡೆಸುವ ‘ಅರ್ಥ್‌ಡಾಗ್’ ಪರೀಕ್ಷೆಯ ಜೂನಿಯರ್ ಹಂತದಲ್ಲಿ ಮೂವತ್ತು ಅಡಿಯ, ಮೂರು ತಿರುವುಗಳ ಕೃತಕ ಸುರಂಗವನ್ನು ನಾಯಿ ಅರ್ಧ ನಿಮಿಷದೊಳಗೆ ಹೊಕ್ಕು, ತುದಿಯಲ್ಲಿ ಪಂಜರದೊಳಗೆ ಸುರಕ್ಷಿತವಾಗಿರುವ ಇಲಿಗಳ ಮುಂದೆ ಒಂದು ನಿಮಿಷ ಬೊಗಳುತ್ತಲೋ ಕೆರೆಯುತ್ತಲೋ ನಿಲ್ಲಬೇಕು. ಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ, ತುದಿಯಲ್ಲಿ ತಿಂಡಿಯಿಟ್ಟು ಸುರಂಗ ಮಾಡಿಕೊಟ್ಟರೆ ನಾಯಿಗಿಂತ ಮಕ್ಕಳಿಗೇ ಖುಷಿ.

ಹೆಜ್ಜೆ 7: ಮಕ್ಕಳಿಗೆ ಪಾಠ, ಆಮೇಲೆ ನಾಯಿಗೆ

ಟೆರಿಯರ್ ಮಕ್ಕಳ ಜೊತೆ ದಣಿವಿಲ್ಲದೆ ಆಡುತ್ತದೆ, ಆದರೆ ಒರಟುತನವನ್ನು ಸಹಿಸಿಕೊಂಡು ಕೂರುವ ನಾಯಿ ಅಲ್ಲ. ಅಪ್ಪಿ ಹಿಡಿದರೆ, ಬಾಲ ಎಳೆದರೆ, ಊಟದ ಬಟ್ಟಲಿಗೆ ಕೈ ಹಾಕಿದರೆ ಎಚ್ಚರಿಸುತ್ತದೆ, ಮುಂದಿನ ಸಲ ಕಚ್ಚುತ್ತದೆ. ಆರು ವರ್ಷದೊಳಗಿನ ಮಗುವನ್ನೂ ನಾಯಿಯನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ಬಾಗಿಲು ತೆರೆಯಲು ಕೂಡ ಹೋಗಬೇಡಿ. ಮಗುವನ್ನೋ ನಾಯಿಯನ್ನೋ ಜೊತೆಗೆ ಕರೆದುಕೊಂಡೇ ಹೋಗಿ.

ಮಕ್ಕಳಿಗೆ ನಾಯಿಯ ಭಾಷೆ ಕಲಿಸಿ. ಹಸಿವಿಲ್ಲದಿದ್ದರೂ ತುಟಿ ನೆಕ್ಕುವುದು, ಮುಖ ತಿರುಗಿಸಿಕೊಂಡು ಕಣ್ಣಿನ ಬಿಳಿ ಕಾಣುವಂತೆ ಓರೆಗಣ್ಣಲ್ಲಿ ನೋಡುವುದು, ಮೈ ಮರಗಟ್ಟಿದಂತೆ ನಿಲ್ಲಿಸುವುದು, ಇವೆಲ್ಲ ‘ಸಾಕು’ ಎಂಬ ಮಾತುಗಳೇ. ಗುರುಗುಟ್ಟಿದ್ದಕ್ಕೆ ನಾಯಿಗೆ ಹೊಡೆಯಬೇಡಿ. ಗುರುಗುಟ್ಟುವುದನ್ನು ನಿಲ್ಲಿಸಿದ ನಾಯಿ ಮುನ್ಸೂಚನೆ ಇಲ್ಲದೆ ಕಚ್ಚುತ್ತದೆ. ಕ್ರೇಟಿನಲ್ಲಿ ಮಲಗಿರುವ ನಾಯಿ ಮನೆಯಲ್ಲಿ ಇಲ್ಲ ಎಂದೇ ಲೆಕ್ಕ, ಈ ಒಂದು ನಿಯಮವನ್ನು ನಮ್ಮ ಮನೆಯ ಮಕ್ಕಳು ಬೇಗ ಕಲಿತರು, ಅತಿಥಿಗಳು ಇನ್ನೂ ಕಲಿತಿಲ್ಲ.

ಹೆಜ್ಜೆ 8: ಉಳಿದ ಪ್ರಾಣಿಗಳು

ಮೊಲ, ಹ್ಯಾಮ್‌ಸ್ಟರ್, ಪಕ್ಷಿ: ಜೊತೆಗೆ ಬೇಡ, ‘ನಮ್ಮದು ಪಾಪ, ಏನೂ ಮಾಡಲ್ಲ’ ಅನ್ನುವುದೂ ಬೇಡ. ಮರಿಯಿದ್ದಾಗಿನಿಂದ ಕೂಡಿ ಬೆಳೆದ ಬೆಕ್ಕಿನ ಜೊತೆ ಸಂಧಾನ ಆಗುತ್ತದೆ. ಅದೇ ನಾಯಿ ಬೀದಿಯಲ್ಲಿ ಬೇರೆ ಬೆಕ್ಕು ಕಂಡರೆ ಒಪ್ಪಂದ ಅನ್ವಯಿಸುವುದಿಲ್ಲ. ಎರಡನೇ ಟೆರಿಯರ್ ತರುವ ಮನಸ್ಸಿದ್ದರೆ ಒಂದು ಗಂಡು ಒಂದು ಹೆಣ್ಣು ಇರಲಿ. ಎರಡು ಹೆಣ್ಣು ಟೆರಿಯರ್‌ಗಳು ಒಮ್ಮೆ ಜಗಳಕ್ಕೆ ಬಿದ್ದರೆ ರಾಜಿ ಕಷ್ಟ. ಒಂದೇ ಸೂಲಿನ ಎರಡು ಮರಿಗಳನ್ನು ಒಟ್ಟಿಗೆ ತರುವ ಆಲೋಚನೆಯನ್ನಂತೂ ಇಲ್ಲಿಗೇ ಬಿಡಿ.

ಹೆಜ್ಜೆ 9: ಬೊಗಳು

ಮಣ್ಣಿನ ಅಡಿಯಿಂದ ಮೇಲಿನವರಿಗೆ ಕೇಳಿಸಲಿ ಎಂದು ರೂಢಿಸಿದ ದನಿ ಇದು. ನಾಯಿ ಎಲ್ಲಿದೆ ಎಂದು ಆ ಸದ್ದಿನ ಜಾಡು ಹಿಡಿದೇ ಮೇಲಿನವರು ಅಗೆಯುತ್ತಿದ್ದರು. ಕಿಟಕಿಯ ಕೆಳಭಾಗಕ್ಕೆ ಮಬ್ಬು ಹಾಳೆ ಅಂಟಿಸಿದರೆ ಬೀದಿ ನೋಡಿ ಬೊಗಳುವುದು ಅರ್ಧ ಕಡಿಮೆಯಾಗುತ್ತದೆ. ಬಾಗಿಲ ಗಂಟೆಗೆ ಬೊಗಳಿದರೆ ನೀವೂ ಜೊತೆಗೆ ಕೂಗಬೇಡಿ, ನೀವೂ ಬೊಗಳುತ್ತಿದ್ದೀರಿ ಎಂದು ಅದಕ್ಕೆ ಹುಮ್ಮಸ್ಸು ಬರುತ್ತದೆ. ಎರಡು ಸಲ ಬೊಗಳಲು ಬಿಟ್ಟು, ಹೋಗಿ ನೋಡಿ, ‘ಆಯ್ತು, ನೋಡಿದೆ’ ಎಂದು ಹೇಳಿ ಚಾಪೆಯ ಮೇಲೆ ತಿಂಡಿ ಹಾಕಿ. ಒಂದು ದಿನ ಗಂಟೆ ಹೊಡೆದ ಕೂಡಲೇ ತಾನೇ ಚಾಪೆಗೆ ಓಡುತ್ತದೆ. ಕುತ್ತಿಗೆಗೆ ಶಾಕ್ ಕೊಡುವ ಪಟ್ಟಿಗಳ ಬಗ್ಗೆ ನನ್ನನ್ನು ಕೇಳಬೇಡಿ, ಕೇಳಿದರೆ ಬೈದುಬಿಡುತ್ತೇನೆ.

ಹೆಜ್ಜೆ 10: ಮೈ, ಊಟ, ವೈದ್ಯರು

ನುಣುಪು ಕೂದಲಿನದಕ್ಕೆ ವಾರಕ್ಕೆರಡು ಸಲ ರಬ್ಬರ್ ಬ್ರಷ್ ಸಾಕು, ಆದರೆ ಬಿಳಿ ಕೂದಲು ಕಪ್ಪು ಬಟ್ಟೆಯನ್ನು ಹುಡುಕಿಕೊಂಡು ಹೋಗುತ್ತದೆ. ಒರಟು ಕೂದಲಿನ ಬಾರ್ಡರ್, ಕೇರ್ನ್‌ಗಳ ಸತ್ತ ಕೂದಲನ್ನು ವರ್ಷಕ್ಕೆ ಎರಡು ಮೂರು ಸಲ ಬೆರಳಿನಿಂದ ಹಿಡಿದು ಕೀಳಬೇಕು. ನೋಯುವುದಿಲ್ಲ. ಮೆಷಿನ್ನಿನಿಂದ ಕತ್ತರಿಸಿದರೆ ಮುಳ್ಳುಗಂಟಿಯನ್ನೂ ಮಳೆಯನ್ನೂ ತಡೆಯುವ ಆ ಗಡಸು ಹೊದಿಕೆ ಮೆತ್ತಗಾಗಿ ಮಂಕಾಗುತ್ತದೆ.

ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಝೈಲಿಟಾಲ್ ಎಂಬ ಸಿಹಿಕಾರಕ ಹಾಕಿದ ಚ್ಯೂಯಿಂಗ್ ಗಮ್ ವಿಷ. ಇಲಿ ಹಿಡಿಯುವ ನಾಯಿಗೆ ರೇಬೀಸ್ ಮತ್ತಿತರ ಲಸಿಕೆಗಳ ಜೊತೆ ಇಲಿಜ್ವರದ ಲಸಿಕೆಯನ್ನು ಪ್ರತಿವರ್ಷ ತಪ್ಪಿಸುವಂತಿಲ್ಲ, ಆ ರೋಗ ಇಲಿಯ ಮೂತ್ರದಿಂದ ನಾಯಿಗೂ ನಾಯಿಯಿಂದ ಮನುಷ್ಯರಿಗೂ ಹರಡಬಲ್ಲದು.

ಇನ್ನೊಂದು ಮಾತು: ಟೆರಿಯರ್ ನೋವು ತೋರಿಸಿಕೊಳ್ಳುವುದಿಲ್ಲ. ಗುಂಡ ಒಡೆದ ಹಲ್ಲಿಟ್ಟುಕೊಂಡು ವಾರಗಟ್ಟಲೆ ಎಂದಿನಂತೆ ಉಂಡಿದ್ದ. ಹಾಗಾಗಿ ವಾರಕ್ಕೊಮ್ಮೆ ಬಾಯಿ, ಕಿವಿ, ಬೆರಳ ಸಂದಿ ಕೈಯಾರೆ ನೋಡಿ. ಕಣ್ಣು ಕೆಂಪಾಗಿ, ಮುಚ್ಚಿ ಮುಚ್ಚಿ ತೆರೆಯುತ್ತಿದ್ದರೆ, ನಾಳೆ ನೋಡೋಣ ಎನ್ನದೆ ಅಂದೇ ವೈದ್ಯರಿಗೆ ತೋರಿಸಿ. ಮಸೂರ ಜಾರಿ ಕಣ್ಣಿನ ಒತ್ತಡ ಏರಿದರೆ ದೃಷ್ಟಿ ಉಳಿಸಲು ಸಿಗುವುದು ಕೆಲವೇ ಗಂಟೆ.

ಬಿಲದೊಳಗೆ ಹೋಗಿಯೇಬಿಟ್ಟರೆ

ಇದು ಹೆಜ್ಜೆಯಲ್ಲ, ಅಪಘಾತ. ಹಗ್ಗ ಕೈಜಾರಿ ನಾಯಿ ಬಿಲಕ್ಕೆ ಇಳಿದರೆ ಕೂಗಾಡಬೇಡಿ. ಮೇಲಿನ ಗಲಾಟೆ ಕೇಳಿ ‘ನಮ್ಮವರು ಬಂದಿದ್ದಾರೆ’ ಎಂದು ಇನ್ನಷ್ಟು ಒಳಗೆ ನುಗ್ಗುತ್ತದೆ. ಸುತ್ತ ಬೇರೆ ಬಾಯಿಗಳಿವೆಯೇ ನೋಡಿ, ಒಬ್ಬೊಬ್ಬರು ಒಂದೊಂದರ ಬಳಿ ಸದ್ದಿಲ್ಲದೆ ಕೂರಿ. ನೆಲಕ್ಕೆ ಕಿವಿಯಿಟ್ಟು ಸದ್ದು ಎಲ್ಲಿಂದ ಬರುತ್ತಿದೆ ಎಂದು ಗುರುತಿಸಿ, ಮೇಲೊಂದು ಕಲ್ಲಿಡಿ. ಹೆಚ್ಚಿನ ಸಲ ಸ್ವಲ್ಪ ಹೊತ್ತಿಗೆ ತಾನಾಗಿ ಬರುತ್ತದೆ. ಅದೇ ಜಾಗದಿಂದ ಸದ್ದು ಬರುತ್ತಲೇ ಇದ್ದು ನಾಯಿ ಅಲುಗಾಡದಿದ್ದರೆ ಸಿಕ್ಕಿಕೊಂಡಿದೆ ಎಂದರ್ಥ. ಆಗ ಗುದ್ದಲಿ ಹಿಡಿದು ಕಂಡಕಂಡಲ್ಲಿ ಅಗೆದರೆ ಮಣ್ಣು ಕುಸಿದು ಗಾಳಿಯ ದಾರಿ ಮುಚ್ಚಬಹುದು, ಅಗ್ನಿಶಾಮಕ ದಳವನ್ನೋ ಪ್ರಾಣಿ ರಕ್ಷಣೆಯವರನ್ನೋ ಕರೆಯಿರಿ. ಒಬ್ಬರು ಮಾತ್ರ ಅಲ್ಲಿಂದ ಕದಲಬಾರದು.

ಹೊರಬಂದ ಮೇಲೆ ಕಣ್ಣಿನ ಮಣ್ಣನ್ನು ಉಜ್ಜದೆ, ಶುದ್ಧ ನೀರು ಹರಿಸಿ ತೊಳೆಯಿರಿ. ಮೂತಿ, ಕೆಳದವಡೆ, ಮುಂಗಾಲು ತಡವಿ ನೋಡಿ. ಹಲ್ಲಿನ ಗಾಯ ಹೊರಗೆ ಸಣ್ಣ ಚುಕ್ಕಿಯಂತೆ ಕಂಡು ಒಳಗೆ ಕೀವು ಕಟ್ಟುತ್ತದೆ, ಅಂದೇ ವೈದ್ಯರಿಗೆ ತೋರಿಸಿ. ಮುಂದಿನ ಕೆಲವು ತಿಂಗಳು ಆ ದಾರಿಯಲ್ಲಿ ಹೋಗುವಾಗ ಇಪ್ಪತ್ತು ಹೆಜ್ಜೆ ಮೊದಲೇ ಹಗ್ಗ ಮೊಟಕು ಮಾಡಿಕೊಳ್ಳಿ. ಜಾಗ ನಿಮಗೆ ಮರೆತಿರುತ್ತದೆ, ನಾಯಿಗೆ ಮರೆತಿರುವುದಿಲ್ಲ.